ಯಾರಿಗೂ ಬಗ್ಗದ ಬಗ್ಗೆ ಮೇಡಂ

ಹೊಟ್ಟೆಕಿಚ್ಚಿಗೆ ಹೊತ್ತುಗೊತ್ತು ಇರುವುದಿಲ್ಲ ಎನ್ನುವವರು ಬಗ್ಗೆ ಮೇಡಂ ಅವರನ್ನು ನೋಡಿದವರಲ್ಲ. ಅವರದು ದಿನವೂ ಮೂರನೆಯ ಪೀರಿಯಡ್ಡಿಗೆ ಸರಿಯಾಗಿ ಶುರುವಾಗುತ್ತಿತ್ತು. ಆ ಹೊತ್ತಿಗೆ ಅವರು ಎಂಟನೆಯ ತರಗತಿಯಲ್ಲಿ ನಿಂತು, ‘ಒಳಗೆ ಅಂದ್ರೆ ಇನ್, ಮೇಲೆ ಅಂದ್ರೆ ಆನ್’ ಎಂದು ಗಂಟಲು ಹರಿದುಕೊಳ್ಳುತ್ತಿದ್ದರೆ, ಗೋಡೆಯ ಆಚೆ ಹತ್ತನೆಯ ತರಗತಿಯಲ್ಲಿ ಇಂಗ್ಲಿಷ್ ಮೇಷ್ಟ್ರು ಪದ್ಯ ಓದುತ್ತಿದ್ದರು. ಮಕ್ಕಳು ನಗುತ್ತಿದ್ದರು. ಒಮ್ಮೊಮ್ಮೆ ನಲವತ್ತೊಂದು ಮಕ್ಕಳೂ ತುಟಿಪಿಟಿಕ್ಕೆನ್ನದೆ ಕೂತಿರುತ್ತಿದ್ದರು. ನಗುವನ್ನಾದರೂ ಹೇಗೋ ಸಹಿಸಿಕೊಳ್ಳಬಹುದು. ಆ ಮೌನ ಕೇಳಿದರೆ ಮೇಡಂಗೆ ಮೈಯೆಲ್ಲ ಉರಿಯುತ್ತಿತ್ತು, ಏಕೆಂದರೆ ಅವರ ತರಗತಿ ಸುಮ್ಮನಿರಬೇಕಾದರೆ ಡಸ್ಟರಿನಿಂದ ಮೇಜು ಕುಟ್ಟಬೇಕಾಗಿತ್ತು.

ಆ ಹೈಸ್ಕೂಲಿನಲ್ಲಿ ಇಂಗ್ಲಿಷಿಗೆ ಇದ್ದವರು ಇಬ್ಬರೇ. ಎಂಟು ಮತ್ತು ಒಂಬತ್ತು ಮೇಡಂ ಪಾಲಿಗೆ. ಎಂಟಕ್ಕೆ ವ್ಯಾಕರಣ, ಒಂಬತ್ತಕ್ಕೆ ಪತ್ರ, ಪ್ರಬಂಧ. ಹತ್ತು ಮಾತ್ರ ಮೇಷ್ಟ್ರ ಪಾಲಿಗೆ, ಅದರಲ್ಲಿ ಪದ್ಯ, ನಾಟಕ, ಕಥೆ. ಮೇಡಂ ಬಂದು ಇಪ್ಪತ್ತೆರಡು ವರ್ಷವಾಗಿತ್ತು, ಮೇಷ್ಟ್ರು ಬಂದು ಎಂಟು. ಹಿಂದಿನವರು ನಿವೃತ್ತರಾದಾಗ ಹತ್ತನೆಯ ತರಗತಿ ತನಗೇ ಎಂದು ಮೇಡಂ ಹೊಸ ಪೆನ್ನು ಕೂಡ ಕೊಂಡಿಟ್ಟುಕೊಂಡಿದ್ದರು. ಅಷ್ಟರಲ್ಲಿ ಎಲ್ಲಿಂದಲೋ ವರ್ಗವಾಗಿ ಬಂದ ಈ ಮನುಷ್ಯ, ತೋಳು ಮಡಚಿದ ಅಂಗಿಯಲ್ಲಿ, ಸೀದಾ ಹೋಗಿ ಆ ಕುರ್ಚಿಯಲ್ಲಿ ಕೂತುಬಿಟ್ಟರು. ಆ ಪೆನ್ನಿನಲ್ಲಿ ಮೇಡಂ ಮನೆಯ ಸಾಮಾನಿನ ಚೀಟಿ ಬರೆದು ಮುಗಿಸಿದರು.

“ಪಾತ್ರೆ ತಿಕ್ಕೋಳು ನಾನು, ಬಡಿಸಿ ಹೊಗಳಿಸ್ಕೊಳ್ಳೋರು ಅವರು,” ಎಂದು ಮಗಳ ಮುಂದೆ ಅದೆಷ್ಟು ಸಲ ಹೇಳಿದ್ದರೋ. ಗಂಡ ಊರಿಂದೂರಿಗೆ ಔಷಧಿ ಮಾರುವ ಕೆಲಸದವರು. ತಿಂಗಳಲ್ಲಿ ಹದಿನೈದು ದಿನ ಮನೆಯಲ್ಲಿ ಕೇಳುವ ಕಿವಿ ಎಂದರೆ ಮಗಳದೇ. ವಿಧಿಯ ಕುಚೇಷ್ಟೆ ನೋಡಿ, ಆ ಮಗಳೂ ಈ ವರ್ಷ ಹತ್ತನೆಯ ತರಗತಿಗೇ ಹೋಗಿದ್ದಳು. ತಟ್ಟೆ ಮುಂದೆ ಕೂತರೆ ‘ಸರ್ ಇವತ್ತು’, ಚಪ್ಪಲಿ ಹಾಕಿಕೊಂಡರೆ ‘ಸರ್ ಹೇಳ್ತಿದ್ರು’. ಹೆತ್ತವಳಿಗೇ ಹೀಗಾದರೆ ಹೊಟ್ಟೆ ಉರಿಯದೆ ಇನ್ನೇನಾದೀತು?

ಇನ್ನು ‘ಬಗ್ಗೆ ಮೇಡಂ’ ಎಂಬ ಹೆಸರಿನ ವಿಚಾರ. ಎಂಟನೆಯ ತರಗತಿಯ ಗೋಡೆಯ ಮೇಲೆ ಅವರೇ ಕೈಯಾರೆ ಬರೆದ ಒಂದು ಚಾರ್ಟು ಇತ್ತು. ಬಿಸಿಲು ತಿಂದು ಹಳದಿಯಾಗಿತ್ತು, ಮೂಲೆಗಳಿಗೆ ನಾಲ್ಕು ಪದರ ಟೇಪು. ಒಳಗೆ, ಮೇಲೆ, ಕಡೆಗೆ, ಜೊತೆಗೆ ಎಂದು ಇಳಿಯುತ್ತ ಬಂದು ಕೊನೆಯ ಸಾಲಿನಲ್ಲಿ: ‘ಬಗ್ಗೆ – ಅಬೌಟ್’. ಅದರ ಮುಂದೆ ಉದಾಹರಣೆ: ‘ಆ ವಿಷಯದ ಬಗ್ಗೆ ಚರ್ಚಿಸಿದೆವು – ವಿ ಡಿಸ್ಕಸ್ಡ್ ಅಬೌಟ್ ದ ಮ್ಯಾಟರ್.’ ಈ ಸಾಲನ್ನು ಮೇಡಂ ವರ್ಷಕ್ಕೆ ಇನ್ನೂರು ಸಲವಾದರೂ ಹೇಳಿಸುತ್ತಿದ್ದರು. “ಕಣ್ಣು ಮುಚ್ಚಿ ಹಾಕಿ. ಬಗ್ಗೆ ಬಂತೋ, ಅಬೌಟ್ ಬಂತು,” ಎನ್ನುತ್ತಿದ್ದರು. ಹೆಡ್‌ಮೇಡಂ ಎದುರಾದರೂ ತಲೆ ತಗ್ಗಿಸದ ಹೆಂಗಸು, ಹಾಗಾಗಿ ಯಾವುದೋ ತುಂಟ ಬ್ಯಾಚು ‘ಯಾರಿಗೂ ಬಗ್ಗದ ಬಗ್ಗೆ ಮೇಡಂ’ ಎಂದು ಪೂರ್ತಿ ಬಿರುದನ್ನೇ ಕಟ್ಟಿತು. ಮೇಡಂಗೆ ಗೊತ್ತಿತ್ತು. ಗೊತ್ತಿಲ್ಲದವರಂತೆ ಇದ್ದರು, ಒಳಗೊಳಗೇ ಸ್ವಲ್ಪ ಹಿಗ್ಗಿದ್ದರು ಕೂಡ.

ಮೇಷ್ಟ್ರು ಬಂದ ಹೊಸತರಲ್ಲಿ ಒಮ್ಮೆ ಎಂಟನೆಯ ತರಗತಿಯ ಬಾಗಿಲಲ್ಲಿ ನಿಂತು, “ಮೇಡಂ, ನಿಮ್ಮ ಚಾರ್ಟಿನ ವಿಚಾರ ಒಂದು ಮಾತು,” ಎಂದಿದ್ದುಂಟು. “ಈ ಗೋಡೆ ನನ್ನದು ಸರ್. ನಿಮ್ಮ ಗೋಡೆಗೆ ನಿಮಗೇನು ಬೇಕೋ ಅಂಟಿಸ್ಕೊಳ್ಳಿ,” ಎಂದು ಮೇಡಂ ಅಲ್ಲಿಂದಲೇ ಕಳಿಸಿದ್ದರು. ಎಂಟು ವರ್ಷದಲ್ಲಿ ಆ ಮನುಷ್ಯನ ಎದುರು ತಾವು ಗೆದ್ದದ್ದು ಅದೊಂದೇ ಎಂದು ಅವರಿಗೆ ಅನಿಸುತ್ತಿತ್ತು, ಬೇಸರವಾದಾಗ ಅದನ್ನೇ ನೆನೆಸಿಕೊಳ್ಳುತ್ತಿದ್ದರು.

ಪ್ರತಿ ವರ್ಷದ ಬೀಳ್ಕೊಡುಗೆ ಸಭೆಯಂತೂ ಕೆಂಡದ ಮೇಲೆ ಕೂತ ಹಾಗೆ. ಮೇಡಂ ಎರಡನೆಯ ಸಾಲಿನಲ್ಲಿ ಕೂತಿರುವರು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಮೈಕಿನ ಮುಂದೆ ನಿಂತು, ‘ನಮಗೆ ಇಂಗ್ಲಿಷಿನ ರುಚಿ ಹತ್ತಿಸಿದವರು ನಮ್ಮ ಸರ್’ ಎಂದು ಕಣ್ಣೊರೆಸಿಕೊಳ್ಳುವಳು. ಅದೇ ಹುಡುಗಿ ಎಂಟಕ್ಕೆ ಬಂದಾಗ ಸ್ವಂತ ಹೆಸರಿನ ಮೊದಲಕ್ಷರವನ್ನೂ ದೊಡ್ಡದಾಗಿ ಬರೆಯುತ್ತಿರಲಿಲ್ಲ. ಅದನ್ನು ತಿದ್ದಿದ್ದು ಯಾರು? ಮೈಕು ಅದನ್ನು ಕೇಳುತ್ತಿರಲಿಲ್ಲ.

ಮೂರು ವರ್ಷದಿಂದ ಮೇಡಂ ಹತ್ತನೆಯ ತರಗತಿ ಕೊಡಿ ಎಂದು ಅರ್ಜಿ ಬರೆದು ಕೊಡುತ್ತಿದ್ದರು. ಈ ಸಲ ಹೆಡ್‌ಮೇಡಂ, “ಪೂರ್ವಸಿದ್ಧತಾ ಪರೀಕ್ಷೆ ಆಗಲಿ, ಆಮೇಲೆ ನೋಡೋಣ,” ಎಂದರು. ಜೊತೆಗೆ ಹೊಸ ನಿಯಮವನ್ನೂ ತಂದರು: ಯಾರೂ ತಮ್ಮ ತರಗತಿಯ ಪೇಪರು ತಾವೇ ತಿದ್ದುವಂತಿಲ್ಲ, ಅದಲುಬದಲು. ಹೀಗೆ ಹತ್ತನೆಯ ತರಗತಿಯ ನಲವತ್ತೊಂದು ಉತ್ತರಪತ್ರಿಕೆಗಳು ಮೊದಲ ಬಾರಿಗೆ ಮೇಡಂ ಕೈಗೆ ಬಂದವು.

ಸ್ಟಾಫ್ ರೂಮಿನ ಕಿಟಕಿ ಪಕ್ಕದ ಮೇಜಿನಲ್ಲಿ ಕಟ್ಟು ಬಿಚ್ಚಿ ಕೂತರು. ಸತ್ಯ ಹೇಳಬೇಕೆಂದರೆ ಅವರು ತಿದ್ದುತ್ತಿರಲಿಲ್ಲ, ಹುಡುಕುತ್ತಿದ್ದರು. ಮೊದಲ ಆರು ಪ್ರಶ್ನೆಗಳಲ್ಲಿ ಏನೂ ಸಿಗಲಿಲ್ಲ. ಪದ್ಯದ ಉತ್ತರಗಳು ಎಷ್ಟು ಚೆನ್ನಾಗಿದ್ದವೆಂದರೆ ಮೇಡಂಗೆ ಅಳು ಬರುವಂತಾಯಿತು, ಅದು ಪದ್ಯಕ್ಕಾಗಿ ಬಂದ ಅಳು ಅಲ್ಲ. ಆಮೇಲೆ ಏಳನೆಯ ಪ್ರಶ್ನೆ. ವಿದ್ಯಾರ್ಥಿ ಸಂಘದ ಸಭೆಯ ವರದಿ ಬರೆಯಿರಿ ಎಂದಿತ್ತು. ಒಂದು ಪೇಪರಿನಲ್ಲಿ ‘ಡಿಸ್ಕಸ್ಡ್ ದ ಲೈಬ್ರರಿ ಟೈಮಿಂಗ್ಸ್’ ಎಂದು ಬರೆದಿತ್ತು. ಅಬೌಟ್ ಇಲ್ಲ. ಕೈತಪ್ಪಿ ಬಿಟ್ಟಿರಬೇಕು ಎಂದುಕೊಂಡು ಹಿಂದಿನದನ್ನು ತೆರೆದರು. ಅಲ್ಲೂ ಇಲ್ಲ. ಮುಂದಿನದರಲ್ಲೂ ಇಲ್ಲ. ನಲವತ್ತೊಂದರಲ್ಲಿ ಒಂದರಲ್ಲೂ ಇಲ್ಲ.

ಸಿಕ್ಕಿತು ಜುಟ್ಟು. ಬಗ್ಗೆ ಬಂತೋ ಅಬೌಟ್ ಬಂತು ಎಂದು ತಾವು ಎರಡು ವರ್ಷ ತಲೆಗೆ ತುಂಬಿ ಕಳಿಸಿದ್ದನ್ನು ಈ ಮಹಾಶಯ ಪದ್ಯದ ಗುಂಗಿನಲ್ಲಿ ಅಳಿಸಿಹಾಕಿದ್ದಾನೆ. ಮೇಡಂ ಕೆಂಪು ಪೆನ್ನು ತೆಗೆದು ನಲವತ್ತೊಂದು ಕಡೆ ಸುತ್ತು ಹಾಕಿದರು, ಪಕ್ಕದಲ್ಲಿ ‘ಅಬೌಟ್ ಎಲ್ಲಿ?’ ಎಂದು ಬರೆದರು, ಅರ್ಧರ್ಧ ಅಂಕ ಕಿತ್ತರು. ಪೇಪರಿನ ಮೇಲೆ ಹೆಸರಿರಲಿಲ್ಲ. ಆದರೆ ಮಗಳ ಬರಹ ತಾಯಿಗೆ ಗೊತ್ತಾಗದೆ ಇರುತ್ತದೆಯೇ? ಅಲ್ಲಿ ಸುತ್ತು ಇನ್ನೂ ಸ್ವಲ್ಪ ದಪ್ಪಗೇ ಬಿತ್ತು.

ಹೆಡ್‌ಮೇಡಂ ಗಣಿತದವರು. ಕಟ್ಟು ನೋಡಿ ಕನ್ನಡಕ ಮೇಲೇರಿಸಿ, “ಎಲ್ಲರದ್ದೂ ಒಂದೇ ತಪ್ಪು ಅಂದ್ರೆ ಪಾಠದಲ್ಲೇ ತಪ್ಪು,” ಎಂದು ಮೇಷ್ಟ್ರನ್ನು ಕರೆಸಿದರು. ಮೇಷ್ಟ್ರು ಒಂದು ಪೇಪರು ತೆಗೆದುಕೊಂಡು ಕೆಂಪು ಸುತ್ತನ್ನು ನೋಡಿದರು. ಮೇಡಂ ಅವರ ಮುಖವನ್ನು ನೋಡಿದರು. ಮತ್ತೆ ಪೇಪರು ನೋಡಿದರು.

“ಮೇಡಂ ಹಾಕಿರೋ ಅಂಕ ಹಾಗೇ ಇರಲಿ,” ಎಂದರು.

“ಅಂದ್ರೆ ನೀವು ಒಪ್ಕೋತೀರಾ?” ಎಂದು ಹೆಡ್‌ಮೇಡಂ ಕೇಳಿದರು.

“ನನ್ನದೇನೂ ತಕರಾರಿಲ್ಲ.”

ಮೇಷ್ಟ್ರು ಹೋದ ಮೇಲೆ ಹೆಡ್‌ಮೇಡಂ ಮುಂದಿನ ವರ್ಷದ ವೇಳಾಪಟ್ಟಿಯ ಹಾಳೆಯಲ್ಲಿ ಹತ್ತನೆಯ ತರಗತಿಯ ಎದುರಿಗೆ ಪೆನ್ಸಿಲಿನಿಂದ ಮೇಡಂ ಹೆಸರು ಬರೆದರು. ಮೇಡಂ ಕಾರಿಡಾರಿನಲ್ಲಿ ನಡೆಯುವಾಗ ನೆಲ ಕಾಲಿಗೆ ತಾಗಲಿಲ್ಲ.

ಸಂಜೆ ಮಗಳಿಗೆ ಹೇಳದೆ ಇರಲಾಗಲಿಲ್ಲ. ಚಹಾ ಸೋಸುತ್ತಲೇ ಶುರು ಮಾಡಿದರು. “ನಿಮ್ಮ ಸರ್‌ದು ಇವತ್ತು ಬಣ್ಣ ಬಯಲಾಯ್ತು. ಒಂದು ಅಬೌಟ್ ಹಾಕೋಕೆ ಕಲಿಸಿಲ್ಲ ನಿಮಗೆ.”

ಮಗಳು ಲೋಟ ಕೆಳಗಿಟ್ಟಳು. “ಅಮ್ಮ, ಡಿಸ್ಕಸ್‌ಗಾ?”

“ಹೂಂ. ಮುಂದಿನ ವರ್ಷದಿಂದ ಹತ್ತನೇ ಕ್ಲಾಸು ನನಗೆ.”

“ಅಮ್ಮ, ಡಿಸ್ಕಸ್‌ಗೆ ಅಬೌಟ್ ಬರಲ್ಲ.”

“ಯಾರು ಹೇಳಿದ್ದು?”

“ಡಿಕ್ಷನರಿ ನೋಡು.”

ಮೇಡಂ ನೋಡಿದರು. ಗಂಡ ಮದುವೆಯಾದ ಹೊಸತರಲ್ಲಿ ತಂದುಕೊಟ್ಟ ದಪ್ಪ ಡಿಕ್ಷನರಿ, ಕಷ್ಟದ ಪದಗಳಿಗೆಂದು ಮಾತ್ರ ತೆರೆಯುತ್ತಿದ್ದದ್ದು. ಡಿಸ್ಕಸ್ ಎಂಬ ಸುಲಭದ ಪದವನ್ನು ಅದರಲ್ಲಿ ಅವರು ಯಾವತ್ತೂ ಹುಡುಕಿರಲಿಲ್ಲ. ಅಲ್ಲಿ ನಾಲ್ಕು ಉದಾಹರಣೆಗಳಿದ್ದವು. ನಾಲ್ಕರಲ್ಲೂ ಅಬೌಟ್ ಇರಲಿಲ್ಲ. ಕೆಳಗೆ ಚೌಕಟ್ಟು ಹಾಕಿ, ಹಾಗೆ ಬರೆಯುವುದು ತಪ್ಪು ಎಂದು ಬೇರೆ ಹೇಳಿತ್ತು. ಮೇಡಂ ಪುಟಕ್ಕೆ ಬೆರಳಿಟ್ಟುಕೊಂಡೇ ಮಗಳ ಕಡೆ ತಿರುಗಿದರು.

“ನಿನಗೆ ಯಾವಾಗಿಂದ ಗೊತ್ತು?”

“ಹತ್ತನೇ ಕ್ಲಾಸಿಗೆ ಹೋದ ಮೊದಲನೇ ದಿನದಿಂದ. ಸರ್ ಎಲ್ಲಾ ಬ್ಯಾಚಿಗೂ ಹೇಳ್ತಾರಂತೆ. ಕೆಳಗಿನ ಕ್ಲಾಸಿಗೆ ಹೋಗಿ ಹೇಳಬೇಡಿ, ಮೇಡಂ ಕಿವಿಗೂ ಹಾಕಬೇಡಿ ಅಂತಾನೂ ಹೇಳ್ತಾರೆ.”

ಎಂಟು ಬ್ಯಾಚು. ಮುನ್ನೂರು ಚಿಲ್ಲರೆ ಮಕ್ಕಳು, ಜೊತೆಗೆ ಹೊಟ್ಟೆಯಲ್ಲಿ ಹುಟ್ಟಿದ ಮಗಳು, ಎಲ್ಲರೂ ಸೇರಿ ಒಂದು ಗುಟ್ಟು ಕಾಪಾಡಿಕೊಂಡಿದ್ದರು. ಮೇಡಂಗೆ ಮೊದಲು ಬಂದದ್ದು ನಾಚಿಕೆಯಲ್ಲ, ಹೊಟ್ಟೆಕಿಚ್ಚೇ. ಆ ಮನುಷ್ಯ ಹೇಳಿದ ಒಂದು ಮಾತನ್ನು ಮಕ್ಕಳು ಎಂಟು ವರ್ಷ ಬಾಯಿ ಬಿಡದೆ ಉಳಿಸಿಕೊಂಡಿದ್ದವು. ತಮ್ಮ ಮಾತಿಗೆ ಒಂದು ನಿಮಿಷ ಸುಮ್ಮನೆ ಕೂರದ ಮಕ್ಕಳೇ ಅವು.

ಮರುದಿನ ಪ್ರಾರ್ಥನೆಗೆ ಮೊದಲೇ ಲೈಬ್ರರಿಗೆ ಹೋದರು. ಲೈಬ್ರರಿಯ ಹೊಣೆಯೂ ಮೇಷ್ಟ್ರದೇ, ಒಂದು ಪುಸ್ತಕದ ಬೆನ್ನಿಗೆ ಅಂಟು ಹಚ್ಚುತ್ತಿದ್ದರು.

“ನಿನ್ನೆ ಅಲ್ಲೇ ಯಾಕೆ ಹೇಳಲಿಲ್ಲ? ನನ್ನ ಮೇಲೆ ಕನಿಕರಾನಾ?”

ಮೇಷ್ಟ್ರು ಬ್ರಷ್ಷು ಡಬ್ಬಿಗಿಟ್ಟರು. “ಕನಿಕರ ಎಲ್ಲಿಂದ ಬರ್ಬೇಕು ಮೇಡಂ? ಎಂಟು ವರ್ಷದ ಹಿಂದೆ ನಿಮ್ಮ ಬಾಗಿಲಿಗೆ ಬಂದಿದ್ದೆ. ಗೋಡೆ ನಂದು ಅಂದ್ರಿ. ವಾಪಸ್ ಹೋದೆ.”

“ಆಮೇಲೆ ಹೇಳಬಹುದಿತ್ತು.”

“ಹೇಳಬಹುದಿತ್ತು. ನನಗೇ ಹೇಳೋಕೆ ಮನಸ್ಸಿರಲಿಲ್ಲ.” ಅಂಟು ಹಚ್ಚಿದ ಪುಸ್ತಕವನ್ನು ಪಕ್ಕಕ್ಕಿಟ್ಟರು. “ಮಕ್ಕಳು ಬೀಳ್ಕೊಡುಗೇಲಿ ನನ್ನ ಹೆಸರು ಹೇಳಿ ಅಳ್ತಾರೆ, ನಿಜ. ಪರೀಕ್ಷೆ ಮುಗಿದ ವಾರಕ್ಕೆ ಪದ್ಯ ಮರೀತಾರೆ. ಹಳೇ ವಿದ್ಯಾರ್ಥಿಗಳು ದಾರೀಲಿ ಸಿಗ್ತಾರೆ. ನಾನು ಓದಿಸಿದ ಒಂದು ಸಾಲು ಯಾರಿಗೂ ನೆನಪಿಲ್ಲ. ನಿಮ್ಮ ‘ಒಳಗೆ ಇನ್, ಮೇಲೆ ಆನ್’ ಮಾತ್ರ ರಾಗವಾಗಿ ಹೇಳ್ತಾರೆ. ಆ ಒಂದು ಅಬೌಟ್ ಬಿಡಿಸೋಕೆ ನನಗೆ ಪೂರ್ತಿ ಒಂದು ವರ್ಷ ಬೇಕು ಮೇಡಂ, ಅಷ್ಟು ಗಟ್ಟಿಯಾಗಿ ಕೂರಿಸಿರ್ತೀರಿ. ನಿಮ್ಮ ಕೆಲಸದಲ್ಲಿ ನನಗೆ ಅಂತ ಸಿಕ್ಕಿದ್ದು ಅದೊಂದೇ ತಪ್ಪು. ಅದನ್ನೂ ಬಿಟ್ಟುಕೊಡೋಕೆ ಹೊಟ್ಟೆಕಿಚ್ಚು.”

ಮೇಡಂ ಎಂಟು ವರ್ಷ ತಾವೊಬ್ಬರೇ ಉರಿಯುತ್ತಿದ್ದೇವೆ ಎಂದುಕೊಂಡಿದ್ದರು. ಗೋಡೆಯ ಆಚೆಯೂ ಒಬ್ಬರು ಕಿವಿಗೊಟ್ಟು ಕೂತಿದ್ದರು ಎಂದರೆ ನಂಬುವುದು ಹೇಗೆ?

ಆ ದಿನ ಊಟದ ಬಿಡುವಿನಲ್ಲಿ ಮೇಡಂ ನಲವತ್ತೊಂದು ಪೇಪರಿನ ಕೆಂಪು ಸುತ್ತುಗಳನ್ನು ಒಂದೊಂದಾಗಿ ಹೊಡೆದುಹಾಕಿ, ಅರ್ಧರ್ಧ ಅಂಕ ಹಿಂದಕ್ಕೆ ಕೊಟ್ಟು, ಪ್ರತಿಯೊಂದರ ಪಕ್ಕದಲ್ಲೂ ಸಹಿ ಹಾಕಿದರು. ಹೆಡ್‌ಮೇಡಂ ಕೋಣೆಗೆ ಹೋಗಿ, “ತಪ್ಪು ನಂದು. ಮಕ್ಕಳದ್ದಲ್ಲ, ಸರ್‌ದೂ ಅಲ್ಲ. ಇಪ್ಪತ್ತೆರಡು ವರ್ಷದಿಂದ ನಾನೇ ತಪ್ಪು ಹೇಳಿಕೊಟ್ಟಿದ್ದೀನಿ,” ಎಂದರು. ಹೇಳುವಾಗಲೂ ತಲೆ ತಗ್ಗಲಿಲ್ಲ. ಹೆಡ್‌ಮೇಡಂ ಡ್ರಾಯರಿನಿಂದ ರಬ್ಬರು ತೆಗೆದು ಹತ್ತನೆಯ ತರಗತಿಯ ಎದುರಿದ್ದ ಪೆನ್ಸಿಲ್ ಹೆಸರನ್ನು ಉಜ್ಜಿದರು. “ಹಾಗಾದ್ರೆ ಇದ್ದ ಹಾಗೇ ಇರಲಿ,” ಎಂದರು. ರಬ್ಬರಿನ ಪುಡಿಯನ್ನು ಊದಿದಾಗ ಅದು ಮೇಡಂ ಸೀರೆಯ ಮೇಲೆ ಬಿತ್ತು. ಆ ಇಡೀ ವಾರ ಅವರು ಮನೆಯಲ್ಲಿ ಯಾರೊಂದಿಗೂ ಸರಿಯಾಗಿ ಮಾತನಾಡಲಿಲ್ಲ.

ಹೊಸ ಶಾಲಾ ವರ್ಷದ ಮೊದಲ ದಿನ, ಮೂರನೆಯ ಪೀರಿಯಡ್. ಎಂಟನೆಯ ತರಗತಿಗೆ ಹೊಸ ಮಕ್ಕಳು ಬಂದಿದ್ದರು. ಮೇಡಂ ಚಾರ್ಟಿನ ಕೊನೆಯ ಸಾಲಿನ ಹಳೆಯ ಉದಾಹರಣೆಯ ಮೇಲೆ ಬಿಳಿ ಚೀಟಿ ಅಂಟಿಸಿ, ಹೊಸದು ಬರೆದಿದ್ದರು. ಕೆಳಗೆ ಇನ್ನೊಂದು ಸಾಲು ಸೇರಿತ್ತು. ಅದನ್ನು ಗಟ್ಟಿಯಾಗಿ ಓದಿದರು.

“ಬಗ್ಗೆ ಬಂತೋ, ಅಬೌಟ್ ಬಂತು. ಡಿಸ್ಕಸ್‌ಗೆ ಮಾತ್ರ ಬೇಡ.”

ಮುಂದಿನ ಬೆಂಚಿನ ಹುಡುಗಿ ಕೈಯೆತ್ತಿದಳು. “ಅದಕ್ಕೆ ಯಾಕೆ ಬೇಡ ಮೇಡಂ?”

“ಅದು ಯಾರಿಗೂ ಬಗ್ಗಲ್ಲ,” ಎಂದರು ಮೇಡಂ.

ಹಿಂದಿನ ಬೆಂಚುಗಳಲ್ಲಿ ಕಿಸಕ್ಕನೆ ನಗು ಎದ್ದಿತು, ಅಡ್ಡಹೆಸರು ಆಗಲೇ ಅವರನ್ನು ತಲುಪಿತ್ತೆಂದು ಕಾಣುತ್ತದೆ. ಗೋಡೆಯ ಆಚೆ ಅದೇ ಮೌನ ಬಿದ್ದಿತ್ತು. ಮೇಷ್ಟ್ರು ಪದ್ಯ ಓದುತ್ತಿದ್ದರು. ಮೇಡಂಗೆ ಎಂದಿನಂತೆ ಮೈ ಉರಿಯಿತು. ಮುಂದಿನ ವರ್ಷ ಈ ಮಕ್ಕಳು ತಮ್ಮದೇ ಒಂಬತ್ತನೆಯ ತರಗತಿಯಲ್ಲಿ, ಅದರ ಮುಂದಿನ ವರ್ಷ ಗೋಡೆ ದಾಟಿ ಮೇಷ್ಟ್ರ ಕೈಗೆ ಹೋಗುತ್ತಾರೆ. ಮೊದಲನೆಯ ದಿನ ಆ ಮನುಷ್ಯ ಎದ್ದುನಿಂತು ಡಿಸ್ಕಸ್ ಎನ್ನುವಷ್ಟರಲ್ಲಿ ನಲವತ್ತು ಬಾಯಿಗಳು ತಾವೇ ಹೇಳುತ್ತವೆ. ಅವರಿಗೆ ಬಿಡಿಸಲು ಏನೂ ಉಳಿದಿರುವುದಿಲ್ಲ.

“ಎಲ್ಲರೂ ಹೇಳಿ. ಜೋರಾಗಿ,” ಎಂದರು ಮೇಡಂ.

ಮಕ್ಕಳು ಹೇಳಿದರು. ಇನ್ನೊಮ್ಮೆ ಹೇಳಿಸಿದರು. ಮೂರನೆಯ ಸಲ ಕಿಟಕಿಯ ಗಾಜು ನಡುಗಿತು, ಗೋಡೆಯ ಆಚೆ ಪದ್ಯ ಓದುತ್ತಿದ್ದ ದನಿ ಅರ್ಧ ಸಾಲಿನಲ್ಲಿ ನಿಂತಿತು.