ರಾಜಹಂಸಕ್ಕೆ ಎರಡನೇ ಸಾಕ್ಷಿ

ಹೆಬ್ಬಾಳದ ಕೆರೆಗೆ ರಾಜಹಂಸ ಇಳಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಹೊತ್ತಿನಲ್ಲಿ ಮತ್ತಿಕೆರೆಯ ಮನೆಯಲ್ಲಿ ಹಲ್ಲುನೋವಿನಿಂದ ಮಲಗಿದ್ದೆ ಎಂಬುದೂ ಅಷ್ಟೇ ನಿಜ. ಎರಡರಲ್ಲಿ ಒಂದನ್ನು ಬಿಡಿ ಎನ್ನುತ್ತಾಳೆ ಹೆಂಡತಿ. ಹಕ್ಕಿ ಸ್ಪಷ್ಟವಾಗಿದೆ; ಹಲ್ಲೇ ಸ್ವಲ್ಪ ಮಸುಕು.

ಎಪ್ಪತ್ತರ ದಶಕದ ಕೊನೆಯಿರಬೇಕು. ಚಳಿಗಾಲಕ್ಕೆ ಎಲ್ಲೆಲ್ಲಿಂದಲೋ ಬಾತುಗಳು ಬಂದು ಆ ಕೆರೆಯಲ್ಲಿ ಇಳಿಯುತ್ತಿದ್ದವು. ಅವುಗಳ ಬೆನ್ನಿಗೇ ಭಾನುವಾರ ಬೆಳಗ್ಗೆ ಮಂಕಿಕ್ಯಾಪು ತೊಟ್ಟ ನಾವೂ ಇಳಿಯುತ್ತಿದ್ದೆವು. ನಮ್ಮ ಗುಂಪಿನ ಹಿರಿಯರು ದನದ ಡಾಕ್ಟರು ಮೂರ್ತಿಗಳು. ಅವರ ಕಾನೂನು ಒಂದೇ: ಇಬ್ಬರು ನೋಡಿದರೆ ಹಕ್ಕಿ, ಒಬ್ಬನೇ ನೋಡಿದರೆ ಅಭಿಪ್ರಾಯ.

ಈ ಕಾನೂನಿನಿಂದ ನೊಂದವನು ಗಂಗಾನಗರದ ಗಣಿತದ ಮೇಷ್ಟ್ರು ಶೇಷಗಿರಿ. ಅವನು ದುರ್ಬೀನಿನ ತಿರುಪು ಸರಿಮಾಡುವಷ್ಟರಲ್ಲಿ ಹಕ್ಕಿ ಯಲಹಂಕ ದಾಟಿರುತ್ತಿತ್ತು. ಖಾಲಿ ಕೊಂಬೆಗಳಲ್ಲಿ ಅವನಷ್ಟು ಪರಿಣತರು ಊರಲ್ಲೇ ಇಲ್ಲ ಎಂದು ನಾವು ರೇಗಿಸುತ್ತಿದ್ದೆವು. ಅಂಥವನಿಗೆ, ಉಳಿದವರೆಲ್ಲ ಚಹಾಕ್ಕೆ ಹೋಗಿದ್ದಾಗ, ರಾಜಹಂಸ ಕಾಣಿಸಿತು. ಪಕ್ಕದಲ್ಲಿ ಗಾಳ ಹಾಕಿಕೊಂಡು ಕೂತಿದ್ದವರು ಆರ್.ಟಿ. ನಗರದಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ಖಾದರ್ ಸಾಹೇಬರು ಮಾತ್ರ. ಶೇಷಗಿರಿ ಮಾತು ಹೊರಡದೆ ಅವರ ಬೆನ್ನಿಗೆ ಗುದ್ದಿದ. ಅವರು ಗಾಳದ ಬೆಂಡಿನಿಂದ ಕಣ್ಣು ತೆಗೆದು ಅವನತ್ತ ತಿರುಗಿದರು. ಅದೇ ಕ್ಷಣ ದಾರ ಜಗ್ಗಿ ಪಟ್ಟೆಂದು ತುಂಡಾಯಿತು. ಹಕ್ಕಿಯೂ ಹಾರಿಹೋಯಿತು.

ಚಹಾದಂಗಡಿಯಲ್ಲಿ ವಿಚಾರಣೆ ನಡೆಯಿತು. "ರಾಜಹಂಸಾನಾ? ಎಷ್ಟನೇ ನಂಬರ್ ಬಸ್ಸಲ್ಲಿ ಬಂತಪ್ಪ?" ಎಂದರು ಮೂರ್ತಿಗಳು.

"ಇದನ್ನ ಒಪ್ಪದೆ ಇದ್ರೆ ದುರ್ಬೀನು ಮಾರ್ಬಿಟ್ಟು ಮನೇಲಿರ್ತೀನಿ ಸಾರ್," ಎಂದ ಶೇಷಗಿರಿ. ಯಾರೂ ನಗಲಿಲ್ಲ; ಅವನು ಆಗಲೇ ದುರ್ಬೀನನ್ನು ಕೊರಳಿನಿಂದ ತೆಗೆದು ಮೇಜಿನ ಮೇಲೆ ಇಟ್ಟಿದ್ದ.

ನಮ್ಮ ಕಾವ್ಯಗಳಲ್ಲಿ ಹಂಸ ನೀರನ್ನು ಬಿಟ್ಟು ಹಾಲನ್ನಷ್ಟೇ ಕುಡಿಯುತ್ತದೆ. ಕವಿಗಳು ಇದನ್ನು ಲೋಟ ಹಿಡಿದು ಪರೀಕ್ಷಿಸಲಿಲ್ಲ, ಕೇಳಿದವರು ಎರಡನೇ ಸಾಕ್ಷಿ ಕರೆಸಲಿಲ್ಲ. ಮೂರ್ತಿಗಳು ಆ ಕಾಲದಲ್ಲಿ ಇದ್ದಿದ್ದರೆ ಅರ್ಧ ಸಾಹಿತ್ಯ ಬರೀ ಅಭಿಪ್ರಾಯವಾಗಿ ಉಳಿಯುತ್ತಿತ್ತು.

ಏರಿಯ ಮೇಲೆ ಗಾಳ ಹಾಕುವವರಲ್ಲೂ ಇಂಥದೇ ನ್ಯಾಯವಿತ್ತು. ತಪ್ಪಿಸಿಕೊಂಡ ಮೀನಿನ ಬೆನ್ನನ್ನಾದರೂ ಇನ್ನೊಬ್ಬರು ನೋಡಿರಬೇಕು; ಇಲ್ಲದಿದ್ದರೆ ಅದು ಗಾಳಿಮೀನು. ಖಾದರ್ ಸಾಹೇಬರು ವಾರವಿಡೀ ಈ ಹೆಸರು ಹೊತ್ತು ತಿರುಗಿದ್ದರು. ಹೀಗಾಗಿ ಮುಂದಿನ ಭಾನುವಾರ ಇಬ್ಬರೂ ಪರಸ್ಪರ ಸಾಕ್ಷಿಗಳಾದರು. ನಾನೂ ಇದ್ದೆ, ಇದರಲ್ಲಿ ಹಲ್ಲಿನ ತಕರಾರಿಲ್ಲ. ಸಾಹೇಬರು ಹಕ್ಕಿಯ ಕಾಲಿನ ಬಣ್ಣವನ್ನು ಮದುವೆ ಹಾಸಿಗೆಯ ಗುಲಾಬಿ ಸ್ಯಾಟಿನ್ ಬಟ್ಟೆಗೆ ಹೋಲಿಸಿ ಹೇಳಿದಾಗ ಮೂರ್ತಿಗಳು ಕ್ಯಾಪು ತೆಗೆದರು. ಹಕ್ಕಿ ಹಕ್ಕಿಯಾಯಿತು. ಶೇಷಗಿರಿ ಏರಿಗೆ ಹೋಗಿ, ಸೂರ್ಯನ ಬೆಳಕು, ಅಲೆಯ ಕೋನ ಎಲ್ಲ ವಿವರಿಸಿ, ಕಾಟ್ಲಾ ಮೀನೊಂದನ್ನು ಮಾತಿನಲ್ಲೇ ನೀರಿನಿಂದ ಎಬ್ಬಿಸಿ ತೋರಿಸಿದ. ಅದೂ ಮೀನಾಯಿತು.

ವಾಪಸ್ ಬರುವಾಗ ಅವರಿಬ್ಬರು, ನಾನು ಮೂವರೂ ಸೈಕಲ್ ತಳ್ಳಿಕೊಂಡು ನಡೆದೆವು. ಶೇಷಗಿರಿಗೆ ಯಾಕೋ ಸಮಾಧಾನವಿರಲಿಲ್ಲ.

"ನಿಜ ಹೇಳಿ ಸಾಬ್ರೆ, ನೀವು ಹಕ್ಕಿ ನೋಡಿದ್ರಾ?"

"ಇಲ್ಲ ಮೇಷ್ಟ್ರೆ. ನಿಮ್ಮ ಮುಖ ನೋಡ್ದೆ. ಆ ಮುಖಕ್ಕೆ ಕಾಗೆ ಸಾಕಾಗಲ್ಲ, ದೊಡ್ಡದೇ ಏನೋ ಬಂದಿರ್ಬೇಕು ಅನ್ಕೊಂಡೆ."

ಶೇಷಗಿರಿ ಸೈಕಲ್ಲನ್ನು ಗುಂಡಿಯೊಂದರಿಂದ ಎತ್ತಿ ದಾಟಿಸಿದ. ಆಮೇಲೆ, "ನಿಮ್ಮ ಮೀನು?" ಎಂದ.

"ದಾರ ಎಳೀತು, ಕಿತ್ಕೊಂಡ್ ಹೋಯ್ತು. ನಾನೆಲ್ಲಿ ನೋಡ್ದೆ? ನಿಮ್ಮ ಕಡೆ ತಿರುಗಿದ್ನಲ್ಲ."

"ನಾನು ನೋಡಿದೀನಿ," ಎಂದ ಶೇಷಗಿರಿ. ಅವನ ದನಿಯಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

ಸಾಹೇಬರು ಸೈಕಲ್ ನಿಲ್ಲಿಸಿದರು. ಅವನ ಮುಖವನ್ನೇ ಒಂದಷ್ಟು ಹೊತ್ತು ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು:

"ಎಷ್ಟು ದೊಡ್ಡದಿತ್ತು ಮೇಷ್ಟ್ರೆ?"