ನಿಟ್ಟೂರಿನ ದರ್ಜಿಯ ತೊಡೆ ಅಳತೆ

2006ರಲ್ಲಿ ನಾನು ತುಮಕೂರಿನ ಉಪ್ಪಾರಹಳ್ಳಿಯ ಕ್ಲಿನಿಕ್ ಒಂದರಲ್ಲಿ ಫಿಸಿಯೋಥೆರಪಿಸ್ಟ್. ವಯಸ್ಸು ಇಪ್ಪತ್ತನಾಲ್ಕು, ಮೀಸೆಗಿಂತ ಬಾಯಿ ಚೆನ್ನಾಗಿ ಬೆಳೆದಿತ್ತು. ಡಾಕ್ಟರ ಕೆಮ್ಮಿನಿಂದ ಹಿಡಿದು, ಇಂಟರ್‌ವ್ಯೂನಲ್ಲಿ ನಾನೇ ತೊದಲಿದ್ದರವರೆಗೆ ಎಲ್ಲವನ್ನೂ ಮಿಮಿಕ್ರಿ ಮಾಡುತ್ತಿದ್ದೆ. ನಿಟ್ಟೂರಿನಿಂದ ರೈಲಿನಲ್ಲಿ ಬರುತ್ತಿದ್ದ ದರ್ಜಿ ರಹೀಂ ಸಾಬರಷ್ಟು ಅದಕ್ಕೆ ಯಾರೂ ನಗುತ್ತಿರಲಿಲ್ಲ.

ಅವರಿಗೆ ಮಂಡಿನೋವು. ಹೊಲಿಗೆ ಮಿಷನ್ನು ತುಳಿಯಲಾಗದೆ ಅಂಗಡಿ ಮುಚ್ಚುವ ಸ್ಥಿತಿ. ಮಂಡಿ ಸವೆತವೆಂದು ಡಾಕ್ಟರು ನನ್ನ ಬಳಿ ಕಳಿಸಿದ್ದರು. ತೊಡೆ ಬಲಗೊಳ್ಳುವ ವ್ಯಾಯಾಮ ಕಲಿಸಿ, ಮಂಡಿಯಿಂದ ಹದಿನೈದು ಸೆಂ.ಮೀ. ಮೇಲೆ ಸುತ್ತಳತೆ ಬರೆದುಕೊಂಡೆ: ನಲವತ್ತಾರು. ತಿಂಗಳಾದ ಮೇಲೆ, ಹೆಚ್ಚುವ ಬದಲು, ನಲವತ್ತನಾಲ್ಕು. ಮತ್ತೆ ಮೂರು ವಾರಕ್ಕೆ ನಲವತ್ತೆರಡೂವರೆ.

“ಸಾಬ್ರೇ, ಮನೇಲಿ ಏನೂ ಮಾಡ್ತಿಲ್ಲ ನೀವು. ಟೇಪು ಸುಳ್ಳು ಹೇಳಲ್ಲ.”

“ಟೇಪಿನ ವಿಷ್ಯ ನಂಗೇ ಹೇಳ್ತೀರಾ ಸಾರ್? ಬೆಳಿಗ್ಗೆ ಐವತ್ತು, ಸಂಜೆ ಐವತ್ತು ಮಾಡ್ತಾ ಇದೀನಿ.” ಪ್ಯಾಂಟಿನ ಒಳಮಗ್ಗುಲು ತಿರುಗಿಸಿ ತೋರಿಸಿದರು. ಬಿಗಿ ಮಾಡಿದ ಮೂರು ಸಾಲು ಹೊಲಿಗೆ. “ತೊಡೆ ಕರಗ್ತಿರೋದು ನಿಮಗಿಂತ ಮುಂಚೇನೇ ಗೊತ್ತು.”

ನಾನು ನಂಬಲಿಲ್ಲ. ಇಷ್ಟು ನಗಿಸಿದವನಿಗೇ ಕೈಕೊಟ್ಟರಲ್ಲ ಎಂದು ಸಿಟ್ಟು. ಅದೇ ಸಿಟ್ಟಿನಲ್ಲಿ ಡಾಕ್ಟರ ಕೋಣೆಗೆ ಹೋಗಿ ಮಿಮಿಕ್ರಿ ಶುರು ಮಾಡಿದೆ. ಸಾಬರು ಹಿಂದೊಮ್ಮೆ ಹೇಳಿದ್ದನ್ನೇ, ಅವರದೇ ದನಿಯಲ್ಲಿ, ಎರಡೂ ಕೈ ಸೊಟ್ಟಗೆ ಹಿಡಿದು: “ಬೆಳಿಗ್ಗೆ ಕತ್ರಿ ಹಿಡಿಯಕ್ಕಾಗಲ್ಲ ಸಾರ್, ಬೆರಳೆಲ್ಲ ಮರ ಆಗೋಗ್ತವೆ!”

ನರ್ಸ್ ಬಿದ್ದು ಬಿದ್ದು ನಕ್ಕರು. ಡಾಕ್ಟರು ನಗಲಿಲ್ಲ. “ಎರಡೂ ಕೈನಾ? ಎಷ್ಟು ಹೊತ್ತು ಹಂಗಿರುತ್ತೆ?”

“ಒಂದು ಗಂಟೆ ಮೇಲೇ ಸಾರ್.”

ಉತ್ತರ ಬಂದದ್ದು ಬಾಗಿಲಿನಿಂದ. ಫೈಲು ಹಿಡಿದು ರಹೀಂ ಸಾಬರು ನಿಂತಿದ್ದರು.

ಗಂಟೆಗಟ್ಟಲೆ ಬಿಡದ ಬಿಗಿತ ಬರೀ ಸವೆತದ್ದಲ್ಲ ಎಂದು ಡಾಕ್ಟರು ಬರೆಸಿದ ರಕ್ತಪರೀಕ್ಷೆಯಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಖಚಿತವಾಯಿತು. ಕೀಲುಗಳಲ್ಲಿ ಉರಿಯೂತ. ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ವಿವರಿಸಿದರು. ಉರಿಯೂತದಲ್ಲಿ ರೋಗನಿರೋಧಕ ಕೋಶಗಳು ಟಿಎನ್‌ಎಫ್-ಆಲ್ಫಾ ಎಂಬಂಥ ಸಂದೇಶಗಳನ್ನು ರಕ್ತಕ್ಕೆ ಬಿಡುತ್ತವೆ. ಅದು ಸ್ನಾಯುಕೋಶಕ್ಕೆ ತಟ್ಟಿದಾಗ, ಒಳಗೆ ಕಟ್ಟಿಹಾಕಿದಂತಿದ್ದ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಬಿಡುಗಡೆಯಾಗಿ ಕೋಶಕೇಂದ್ರ ಸೇರಿ, ಸ್ನಾಯು ಒಡೆಯುವ ಜೀನ್‌ಗಳನ್ನು ಎಬ್ಬಿಸುತ್ತದೆ. ಆಮೇಲೆ ಸ್ನಾಯುವಿನ ಪ್ರೋಟೀನ್‌ಗೆ ಯುಬಿಕ್ವಿಟಿನ್ ಎಂಬ ಗುರುತು ಬೀಳುತ್ತದೆ. ಗುರುತು ಬಿದ್ದದ್ದನ್ನು ಪ್ರೋಟಿಯಾಸೋಮ್ ಎಂಬ ಕೋಶದೊಳಗಿನ ಯಂತ್ರ ತುಂಡು ಮಾಡುತ್ತದೆ. ಉರಿಯೂತ ತಗ್ಗದೆ ಬರೀ ವ್ಯಾಯಾಮ ಸಾಲದು.

“ಅಂದ್ರೆ ಒಳಗೊಬ್ಬ ಚಾಕ್‌ಪೀಸಲ್ಲಿ ಗೀಟು ಹಾಕ್ತಾವ್ನೆ, ಇನ್ನೊಬ್ಬ ಕತ್ರಿ ಆಡಿಸ್ತಾವ್ನೆ,” ಎಂದರು ಸಾಬರು. ನನ್ನ ಕಡೆ ತಿರುಗಿದರು. “ಮೈಯೇ ಮೋಸ ಮಾಡ್ತು, ಬುಡಿ. ನೀವು ನಮ್ಮೋರು ಅನ್ಕೊಂಡು ಕೈ ತೋರಿಸಿದ್ದೆ.”

ಔಷಧಿ ಶುರುವಾಗಿ ಐದು ತಿಂಗಳಿಗೆ ಅವರು ಮಿಷನ್ನು ತುಳಿಯತೊಡಗಿದರು. ತೊಡೆ ತುಂಬಿಕೊಂಡು ಪ್ಯಾಂಟಿನ ಒಂದು ಸಾಲು ಹೊಲಿಗೆ ಬಿಚ್ಚಿದ್ದರು. ಖುಷಿಗೆ ಡಾಕ್ಟರ ಕೆಮ್ಮು ಕೆಮ್ಮಿ ತೋರಿಸಿದೆ. ಸಾಬರು ನಗಲಿಲ್ಲ, ಅಳತೆಗೆ ಕಾಲು ಚಾಚಿದರು.

ಅವರ ದನಿ, ಬೆರಳು, ನೋವು, ಎಲ್ಲವನ್ನೂ ಚಾಚೂತಪ್ಪದೆ ಆಡಿ ತೋರಿಸಿದ್ದೆ. ಕೇಳಿಸಿಕೊಂಡಿರಲಿಲ್ಲ. ಇವತ್ತಿಗೂ ರೋಗಿ ಮಾತಾಡುವಾಗ ಕೈಗಳನ್ನು ನನ್ನ ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡಿರುತ್ತೇನೆ.