ಉಮ್ಮನ ಉಮ್ರಾ, ನನ್ನ ಡಾಲರು

ಉಮ್ಮ ವಿಸಿಟ್ ವೀಸಾದಲ್ಲಿ ಗಲ್ಫಿಗೆ, ಹಮ್ದಾನ್ ಸ್ಟ್ರೀಟಿನ ನಮ್ಮ ಫ್ಲ್ಯಾಟಿಗೆ ಬಂದದ್ದು ನಮ್ಮನ್ನು ನೋಡಲಿಕ್ಕಲ್ಲ. ಅದನ್ನು ಬಂದ ದಿನವೇ ಹೇಳಿದರು. ಇಲ್ಲಿಂದ ಮಕ್ಕಾ ಹತ್ತಿರ, ಮೊಣಕಾಲು ಪೂರ್ತಿ ಕೈಕೊಡುವ ಮೊದಲು ಒಂದು ಉಮ್ರಾ ಯಾತ್ರೆ ಆಗಬೇಕು. ಷರತ್ತು ಒಂದೇ: ಖರ್ಚೆಲ್ಲ ಮಗನಾದ ನನ್ನ ದುಡಿಮೆಯ ಹಣದಲ್ಲೇ ಆಗಬೇಕು.

ಈ ಷರತ್ತು ಎಲ್ಲಿಂದ ಬಂತೆಂದು ನನಗೆ ಗೊತ್ತು. ತೀರಿಹೋದ ಉಪ್ಪ, ಅಂದರೆ ನನ್ನ ಅಪ್ಪ, ಊರಿನಲ್ಲಿ ಒಣಮೀನಿನ ವ್ಯಾಪಾರಿ. ಬ್ಯಾಂಕಿನವರು ಖಾತೆಗೆ ಬಡ್ಡಿ ಹಾಕಿದರೆ, ಅದು ಹರಾಮೆಂದು ಹೊಲಸು ಮೆಟ್ಟಿದವರಂತೆ ಮುಖ ಮಾಡಿ, ಅಷ್ಟನ್ನೂ ತೆಗೆದು ಬಸ್‌ಸ್ಟ್ಯಾಂಡಿನ ಕಕ್ಕಸು ರಿಪೇರಿಗೆ ಕೊಟ್ಟುಬಿಡುತ್ತಿದ್ದರು. ಬಡ್ಡಿಯ ಹಣದ ಒಂದು ಬಿಸ್ಕೆಟನ್ನೂ ನಾವು ತಿಂದವರಲ್ಲ.

ನನ್ನ ಸಂಬಳವೋ, ಬಾಡಿಗೆಯ ಚೆಕ್ಕು, ಮಗಳ ಸ್ಕೂಲ್ ಫೀಸು ಎಂದು ಖಲಾಸ್. ಉಳಿದದ್ದು ಆ ಡಾಲರು. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ವಿಜಯಪುರದ ಇಂಜಿನಿಯರ್, "ಏನ್ರೀ, ರೊಕ್ಕಾ ಸುಮ್ನ ಮಲಗಸೀರಲ್ಲ" ಎಂದು ಕಾಡಿ ಕಾಡಿ ಫೋನಿಗೆ ಒಂದು ಆ್ಯಪ್ ಹಾಕಿಸಿ, ಅಮೆರಿಕದ ಷೇರುಗಳ ಫಂಡ್ ಕೊಳ್ಳಿಸಿದ್ದ. ಆಗಾಗ ಡಾಲರಿನಲ್ಲಿ ಡಿವಿಡೆಂಡ್ ಬಂದು ಬೀಳುತ್ತಿತ್ತು, ತೆಗೆಯದೆ ಬಿಟ್ಟದ್ದರಿಂದ ಅದು ಒಂದಿಷ್ಟು ಮೊತ್ತವಾಗಿತ್ತು. ಆ ಫಂಡಿನಲ್ಲಿ ಯಾವ ಯಾವ ಕಂಪನಿಗಳಿವೆ ಎಂದು ಒಮ್ಮೆ ನೋಡಿದ್ದೆ. ಬಡ್ಡಿಯಲ್ಲೇ ಬದುಕುವ ಬ್ಯಾಂಕುಗಳಿದ್ದವು, ಬಿಯರ್ ಮಾಡುವವರಿದ್ದರು. ಅಂಥವನ್ನು ಬಿಟ್ಟ ಹಲಾಲ್ ಫಂಡೂ ಅದೇ ಆ್ಯಪಿನಲ್ಲಿತ್ತು. ಮುಂದಿನ ವಾರ ಬದಲಿಸೋಣ ಎಂದುಕೊಂಡೆ. ಸೋಮಾರಿ ನಾನು, ಆ ವಾರ ಬರಲೇ ಇಲ್ಲ.

ಅದರಿಂದಲೇ ಉಮ್ರಾ ಪ್ಯಾಕೇಜಿನ ಹಣ ಕಟ್ಟಿದೆ. ಉಮ್ಮ ಕೇಳಿದ್ದು ಒಂದೇ ಮಾತು.

"ನಿನ್ನ ದುಡಿಮೆದೇ ಅಲ್ವಾ ಮಗಾ?"

"ಮತ್ತೆಂತ ಉಮ್ಮ?" ಎಂದವನು ಏಸಿಯ ರಿಮೋಟ್ ಹುಡುಕತೊಡಗಿದೆ. ಹೆಂಡತಿಗೆ ಎಲ್ಲ ಗೊತ್ತಿತ್ತು. ಅವಳು ಅಡುಗೆಮನೆಗೆ ಹೋದಳು.

ಆ ಶುಕ್ರವಾರ ಅಲ್ ಮೀನಾದ ಮೀನು ಮಾರ್ಕೆಟ್ಟಿನಲ್ಲಿ ನಮ್ಮೂರ ಕಡೆಯ ಮೀನಿನವನೊಬ್ಬ ಸಿಕ್ಕಿದ. ಉಮ್ಮ ಅವನ ಮುಂದೆಯೂ ಮಗನ ಬೆವರಿನಲ್ಲಿ ಉಮ್ರಾಕ್ಕೆ ಹೊರಟಿದ್ದೇನೆಂದು ಹೇಳಿಕೊಂಡರು. ಅವನು ಅಂಜಲ್ ಕತ್ತರಿಸುತ್ತಾ ನನ್ನನ್ನು ನೋಡಿದ ನೋಟದಲ್ಲಿ ಎಷ್ಟು ಮೆಚ್ಚುಗೆ! ಬೆವರಂತೆ. ಆ ಡಾಲರು ಬಂದು ಬೀಳುವಾಗ ನಾನು ಏಸಿಯಡಿ ಗೊರಕೆ ಹೊಡೆಯುತ್ತಿದ್ದೆ. ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ.

ಉಮ್ರಾಕ್ಕೆ ಹೋಗುವವರು ಎಲ್ಲರಲ್ಲೂ ಮಾಫ್ ಕೇಳಿಕೊಂಡೇ ಹೊರಡುವುದು ನಮ್ಮಲ್ಲಿ ಕ್ರಮ. ಹೊರಡುವ ಮುನ್ನಾದಿನ ಉಮ್ಮ ಮಧ್ಯಾಹ್ನವಿಡೀ ಫೋನ್ ಹಿಡಿದು ಕೂತರು. ನಾದಿನಿಯರಿಂದ ಹಿಡಿದು ಹಾಲಿನವಳವರೆಗೆ ಯಾರನ್ನೂ ಬಿಡಲಿಲ್ಲ. ಯಾವ ಕಾಲದಲ್ಲೋ ಕೋಳಿಯೊಂದರ ವಿಷಯಕ್ಕೆ ಪಕ್ಕದ ಮನೆಯವಳಿಗೆ ಬೈದದ್ದಕ್ಕೂ ಮಾಫ್ ಕೇಳಿದರು. ಕೊನೆಗೆ ನನ್ನ ಕಡೆ ತಿರುಗಿದರು.

"ಮೀಸೆ ಬರುವ ಮೊದಲೇ ನಿನ್ನನ್ನು ಈ ಬಿಸಿಲಿಗೆ ಕಳಿಸಿದೆ. ಓದ್ತೇನೆ ಅಂತ ಅತ್ತಿದ್ದಿ, ನಾನು ಕೇಳ್ಲಿಲ್ಲ. ಮಾಫ್ ಮಾಡು ಮಗಾ."

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಹೇಳಿದರೆ ಉಮ್ಮ ಹೋಗುವುದಿಲ್ಲ, ವೀಸಾ ಮುಗಿಯುತ್ತದೆ, ಇನ್ನೊಮ್ಮೆ ಬರಲು ಆ ಮೊಣಕಾಲು ಬಿಡುವುದಿಲ್ಲ. ಇದೆಲ್ಲ ಉಮ್ಮನ ಒಳ್ಳೆಯದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಹೆದರಿದ್ದೆ.

"ಮಾಫ್ ಮಾಡಿದೆ ಉಮ್ಮ" ಎಂದೆ. ಥೂ, ಎಂಥ ನಾಲಗೆ ನನ್ನದು! ಉಮ್ಮ ನನ್ನ ತಲೆ ಸವರಿ, ಸಮಾಧಾನದಿಂದ ಬಟ್ಟೆ ತುಂಬಲು ಎದ್ದರು.

ಸಂಬಳ ಬಂದಾಗ ಅಷ್ಟೇ ಹಣವನ್ನು ಎಲ್ಲಿಗಾದರೂ ಕೊಟ್ಟುಬಿಡೋಣ, ಆಗ ಸರಿಹೋಗುತ್ತದೆ ಎಂದು ಉಮ್ಮ ಮಕ್ಕಾದಿಂದ ಮರಳುವವರೆಗೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಉಮ್ಮ ಖರ್ಜೂರ, ಝಮ್‌ಝಮ್ ಬಾವಿಯ ಪವಿತ್ರ ನೀರು ತಂದರು. ಮುಖ ಬೆಳಗಿತ್ತು, ಮೊಣಕಾಲಿನ ನೋವಿನ ಸುದ್ದಿಯೇ ಇಲ್ಲ. ಮೊದಲ ಲೋಟ ನನ್ನ ಕೈಗೇ ಕೊಟ್ಟು ಪಕ್ಕದಲ್ಲಿ ಕೂತರು.

"ನನ್ನದು ಮುಗಿದ ಮೇಲೂ ಕಾಲಲ್ಲಿ ಶಕ್ತಿ ಇತ್ತು ಮಗಾ. ಇನ್ನೊಂದು ಉಮ್ರಾ ಮಾಡಿದೆ," ಎಂದರು. "ನಿನ್ನ ಉಪ್ಪನ ಹೆಸರಲ್ಲಿ."